ಬಾಯಿಯ ಬಿಳಿ ಹೋಯಿತು, ಬಾಟಲಿ ಉಳಿಯಿತು

14 ತಿಂಗಳ ಮಗುವಿನ ಬಾಯಲ್ಲಿ ಫಂಗಸ್, ಮೇಲಿನ ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ. ‘ಮೊದಲು ಫಂಗಸ್ ವಾಸಿಯಾಗಲಿ, ಹಾಲುಹಲ್ಲು ಹೇಗೂ ಬೀಳುತ್ತವೆ ಅಲ್ವಾ?’ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ನಾನು ಕಾದಿದ್ದೆ.

ನಮ್ಮದು ಕುಮಟಾ. ಮಗಳಿಗೆ 11 ತಿಂಗಳಿದ್ದಾಗ ಕಿವಿ ಸೋಂಕಿಗೆ ಆಂಟಿಬಯಾಟಿಕ್ ಕೊಟ್ಟಿದ್ದರು. ಅದು ಮುಗಿಯುವ ಹೊತ್ತಿಗೆ ನಾಲಿಗೆ, ಕೆನ್ನೆಯ ಒಳಗೆಲ್ಲ ಬಿಳಿ. ಹಾಲಿರಬೇಕು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಾಲಾಗಿದ್ದರೆ ಹೋಗುತ್ತಿತ್ತು. ಇದು ಹೋಗಲಿಲ್ಲ, ಉಜ್ಜಿದ ಜಾಗದಲ್ಲಿ ರಕ್ತ ಜಿನುಗಿತು. ಡಾಕ್ಟರು ನೋಡಿ ಕ್ಯಾಂಡಿಡಾ ಎಂಬ ಫಂಗಸ್ ಅಂದರು, ಬಾಯಿಗೆ ಹಾಕುವ ಡ್ರಾಪ್ಸ್ ಬರೆದುಕೊಟ್ಟರು.

ಬಾಯಿ ಉರಿಗೆ ಅವಳು ಗಂಜಿ ಮುಟ್ಟಲಿಲ್ಲ. ರಾಗಿ ಮಣ್ಣಿ ಉಗಿದಳು. ಸಿರಸಿಯ ತವರಿನಿಂದ ಬಂದ ಜೋನಿಬೆಲ್ಲ (ದ್ರವ ಬೆಲ್ಲ) ಮನೆಯಲ್ಲಿತ್ತು. ಒಂದು ಚಮಚ ಹಾಲಿನ ಬಾಟಲಿಗೆ ಬೆರೆಸಿದೆ. ಗಟಗಟ ಕುಡಿದು ಮಲಗಿದಳು. ಮೂರು ದಿನದ ಮೇಲೆ ಮಗುವಿನ ಹೊಟ್ಟೆ ತುಂಬಿತಲ್ಲ ಎಂದು ನನಗೆ ಅಳುವೇ ಬಂದಿತ್ತು.

ಹತ್ತು ದಿನದಲ್ಲಿ ಬಿಳಿ ಹೋಯಿತು. ಆದರೆ ರಾತ್ರಿಯ ಬಾಟಲಿಯನ್ನು ನಾನು ನಿಲ್ಲಿಸಲಿಲ್ಲ. ಮಲಗುವಾಗ ಒಂದು, ನಡುರಾತ್ರಿ ಎದ್ದರೆ ಇನ್ನೊಂದು. ಒಂದು ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. ಬೆಲ್ಲ ಸಕ್ಕರೆಯಂತಲ್ಲ, ಮನೆಯದು, ಒಳ್ಳೆಯದು ಎಂದು ನಂಬಿದ್ದೆ. ಹಲ್ಲಿನ ಮಟ್ಟಿಗೆ ಎರಡೂ ಒಂದೇ. ಜೋನಿಬೆಲ್ಲವಂತೂ ಅಂಟು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಬಾಯಿ ತೊಳೆದುಕೊಳ್ಳುವುದು ನಿಲ್ಲುತ್ತದೆ. ಸಿಹಿ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಕೆಳಗಿನವನ್ನು ನಾಲಿಗೆ ಮುಚ್ಚಿರುತ್ತದೆ, ಹಾಗಾಗಿ ಅವು ಉಳಿಯುತ್ತವೆ. ಎಷ್ಟು ಬೆಲ್ಲ ಎನ್ನುವುದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಎನ್ನುವುದೇ ಮುಖ್ಯ. ನಾನು ಒಂದೇ ಚಮಚ ಅಲ್ವಾ ಎಂದುಕೊಂಡಿದ್ದೆ. ಅದು ರಾತ್ರಿಯಿಡೀ ಬಾಯಲ್ಲಿರುತ್ತಿತ್ತು.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಪುಟ್ಟ ಮಕ್ಕಳ ಹುಳುಕಾದ ಹಲ್ಲಿನ ಮೇಲೆ ಕಟ್ಟುವ ಪದರದಲ್ಲಿ ಹುಳುಕು ತರುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಬ್ಯಾಕ್ಟೀರಿಯಾದ ಜೊತೆ ಇದೇ ಕ್ಯಾಂಡಿಡಾ ಆಗಾಗ ಸಿಗುತ್ತದೆ. ಸಕ್ಕರೆ ಸಿಕ್ಕರೆ ಎರಡೂ ಒಂದಕ್ಕೊಂದು ಅಂಟಿ ಪದರ ದಪ್ಪವಾಗುತ್ತದೆ. ಎರಡೂ ಹಲ್ಲು ಕರಗಿಸುವ ಆಮ್ಲ ಬಿಡುತ್ತವೆ. ಫಂಗಸ್ ಇದ್ದ ಬಾಯಿಗೇ ನಾನು ದಿನಾ ಬೆಲ್ಲ ಸುರಿದಿದ್ದೆ.

ಅವಳಿಗೂ ಮೊದಲು ಬಂದದ್ದು ಬಿಳಿ ಗೆರೆಯೇ. ಆಮೇಲೆ ಕಂದು, ಆಮೇಲೆ ಹಲ್ಲು ಚೂರಾಗಿ ಉದುರತೊಡಗಿತು. ವಸಡಿನಲ್ಲಿ ಕೀವು ಬಂದಾಗ ಮಂಗಳೂರಿಗೆ ಕರೆದೊಯ್ದೆವು. ಎರಡೂವರೆ ವರ್ಷದ ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು ಎರಡು ಹಲ್ಲು ತೆಗೆದರು. ಈಗ 5 ವರ್ಷ. ಆ ಜಾಗಕ್ಕೆ ಶಾಶ್ವತ ಹಲ್ಲು ಬರುವುದು ಏಳೆಂಟು ವರ್ಷಕ್ಕೆ. ಫೋಟೋಗೆ ಬಾಯಿ ಮುಚ್ಚಿಕೊಂಡೇ ನಗುತ್ತಾಳೆ.

ಹಾಲುಹಲ್ಲು ಬೀಳುತ್ತವೆ ನಿಜ, ಆದರೆ ದವಡೆಯವು 10-12 ವರ್ಷದವರೆಗೂ ಇರಬೇಕು. ನಿಮ್ಮ ಮಗುವಿನ ಬಿಳಿ ಗೆರೆ ಹುಳುಕಿನ ಶುರುವಾಗಿದ್ದರೆ ಫ್ಲೋರೈಡ್ ಹಚ್ಚಿ ಅಲ್ಲಿಗೇ ತಡೆಯಬಹುದು. ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಫಂಗಸ್ ಔಷಧಿ ಹಾಲು ಕುಡಿದ ಮೇಲೆ ಹಾಕಿ, ಬಿಳಿ ಮಾಯವಾದ ತಕ್ಷಣ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಕೊಡಿ. ನಿಪ್ಪಲ್ ದಿನಾ ಕುದಿಸಿ. ಎದೆಹಾಲು ಕೊಡುತ್ತಿದ್ದು ಎದೆ ತೊಟ್ಟು ಉರಿಯುತ್ತಿದ್ದರೆ ನೀವೂ ತೋರಿಸಿಕೊಳ್ಳಿ. ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆ ಎರಡು ಸಲ ಹಲ್ಲುಜ್ಜಿ. ಹುಣ್ಣಿಗೆ ಜೇನು ಹಚ್ಚಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ.

ರಾತ್ರಿ ಬಾಟಲಿ ಇದ್ದರೆ ಮೊದಲು ಸಿಹಿ ನಿಲ್ಲಿಸಿ, ಆಮೇಲೆ ಬರೀ ನೀರು ಕೊಡಿ. ಮಗು ಅಳುತ್ತದೆ. ನಮ್ಮವಳು ಐದು ರಾತ್ರಿ ಅತ್ತಳು, ಆರನೆಯ ರಾತ್ರಿ ನೀರು ಕುಡಿದು ಮಲಗಿದಳು.