ಟಾರ್ಚ್ ಹಿಡಿದವರು ಅಸಿಸ್ಟೆಂಟ್ ಅಲ್ಲ

ಈ ಸಲ ದಾವಣಗೆರೆಯಿಂದ ಬಂದ ಒಂದು ಪತ್ರಕ್ಕೆ ಸ್ವಲ್ಪ ಉದ್ದಕ್ಕೇ ಉತ್ತರ ಬರೀತಿದೀನಿ. ಪತ್ರದಲ್ಲಿ ಇರೋದು ಇಷ್ಟು: ಮೈಸೂರಲ್ಲಿ ಎಂಜಿನಿಯರಿಂಗ್ ಓದ್ತಿರೋ ತಮ್ಮ ರಜಕ್ಕೆ ಮನೆಗೆ ಬಂದಿದ್ದ, ಅಕ್ಕ ತಮ್ಮ ಇಬ್ಬರೂ ಸೇರಿ ಪಿಎಸ್4 ಗೇಮ್ ಕನ್ಸೋಲಲ್ಲಿ ರೆಸಿಡೆಂಟ್ ಈವಿಲ್ ರೆವೆಲೇಶನ್ಸ್ 2 ಅನ್ನೋ ಹಾರರ್ ಗೇಮ್ ಶುರು ಮಾಡಿದ್ರು, ಒಂದೇ ರಾತ್ರಿ ಎರಡು ಎಪಿಸೋಡ್ ಮುಗಿಸಿದ್ರು. ಗನ್ ಇರೋ ಪಾತ್ರ ಎಲ್ಲಾ (ಮೊದಲು ಕ್ಲೇರ್, ಆಮೇಲೆ ಬ್ಯಾರಿ) ತಮ್ಮನಿಗೆ, ಅಕ್ಕನಿಗೆ ಮೊದಲು ಕ್ಲೇರ್ ಜೊತೆ ಟಾರ್ಚ್ ಹಿಡಿಯೋ ಹುಡುಗಿ ಮೊಯಿರಾ, ಆಮೇಲೆ ಬ್ಯಾರಿಗೆ ಬೆರಳು ತೋರಿಸೋ ಪುಟ್ಟ ಮಗು ನಟಾಲಿಯಾ. "ಪಕ್ಕದಲ್ಲಿ ತಮ್ಮ ಕೂತಿದ್ರೆ ಭಯ ಎಲ್ಲಿಂದ ಬರುತ್ತೆ ಸಾರ್, ನಾನು ಬರೀ ಅವನ ಅಸಿಸ್ಟೆಂಟ್ ಆಗ್ಬಿಟ್ಟೆ, ಹಾರರ್ ಗೇಮ್ ಒಬ್ಬರೇ ಆಡ್ಬೇಕು ಅಲ್ವಾ, ಮಿಕ್ಕಿದ್ದನ್ನ ನಾನೊಬ್ಬಳೇ ಮುಗಿಸ್ಲಾ?" ಅಂತ ಕೇಳಿದೀರಿ.

ಮುಗಿಸ್ಬೇಡಿ ಮೇಡಂ. ತಮ್ಮ ಮತ್ತೆ ಊರಿಗೆ ಬರೋವರೆಗೂ ಕಾಯಿರಿ, ಯಾಕೆ ಅಂತ ಹೇಳ್ತೀನಿ.

ಇಬ್ಬರು ಕೂತರೆ ಭಯ ಹೋಗುತ್ತೆ ಅನ್ನೋ ನಿಮ್ಮ ಮಾತು ಸುಳ್ಳಲ್ಲ, ಆದ್ರೆ ಅದು ಇದೇ ಸರಣಿಯ ಬೇರೆ ಗೇಮಿಗೆ ಸರಿಹೊಂದುತ್ತೆ. 2009ರ ರೆಸಿಡೆಂಟ್ ಈವಿಲ್ 5ನಲ್ಲಿ ಕ್ರಿಸ್ ಹತ್ರಾನೂ ಗನ್ನು, ಶೇವಾ ಹತ್ರಾನೂ ಗನ್ನು, 2012ರ ಆರನೇದರಲ್ಲೂ ಹಾಗೇ, ಇಬ್ಬರೂ ಸಮಸಮ. ಆಡಕ್ಕೆ ಭಾಳ ಚೆನ್ನಾಗಿತ್ತು ಆದ್ರೆ ಎದೆ ಡವಡವ ಅಂದಿದ್ದು ಕಮ್ಮಿ. 2015ರಲ್ಲಿ ಕ್ಯಾಪ್‌ಕಾಮ್‌ನೋರು ಈ ರೆವೆಲೇಶನ್ಸ್ 2 ಮಾಡುವಾಗ ಇಬ್ಬರಿಗೂ ಸಮಸಮ ಗನ್ ಕೊಡಲಿಲ್ಲ. ಒಬ್ಬರ ಕೈಗೆ ಗನ್ ಕೊಟ್ಟು ಇನ್ನೊಬ್ಬರಿಗೆ ಕಣ್ಣು ಕೊಟ್ಟರು. ಕ್ಲೇರ್ ಹೊಡೀತಾಳೆ ಆದ್ರೆ ಕತ್ತಲಲ್ಲಿ ಬಿದ್ದಿರೋ ಗುಂಡು, ಗಿಡಮೂಲಿಕೆ ಮೊಯಿರಾಳ ಟಾರ್ಚ್ ಬೆಳಕಿಗೇ ಮಿಣಕ್ ಅನ್ನೋದು, ಮೈಮೇಲೆ ಬರೋರ ಮುಖಕ್ಕೆ ಬೆಳಕು ಬಿಟ್ಟು ಕಣ್ಣು ಕತ್ತಲೆ ಬರಿಸೋದೂ ಅವಳೇ, ಮೊಳೆ ಹೊಡೆದಿರೋ ಬಾಗಿಲನ್ನ ಹಾರೆಕೋಲು ಹಾಕಿ ಕೀಳೋದೂ ಅವಳೇ. ಬ್ಯಾರಿ ಹತ್ರ ದೊಡ್ಡ ಮ್ಯಾಗ್ನಮ್ ಇದ್ರೂ ಗೋಡೆ ಆಚೆ ಯಾರಿದಾರೆ ಅಂತ ಗೊತ್ತಾಗೋದು ನಟಾಲಿಯಾಗೆ. ಅಂದ್ರೆ ಭಯಪಡಬೇಕಾದ್ದನ್ನ ಮೊದಲು ನೋಡೋರು ನೀವು, ಗನ್ ಹಿಡಿದೋನು ನೋಡೋದು ನಿಮ್ಮ ನಂತರ. ಇದನ್ನ ಅಸಿಸ್ಟೆಂಟ್ ಕೆಲಸ ಅಂತ ನಾನು ಖಂಡಿತ ಒಪ್ಪಲ್ಲ.

ನಮ್ಮನೇಲಿ ಆಗಿದ್ದು ಹೇಳ್ತೀನಿ. ನನ್ನ ಹೆಂಡತಿ ನಟಾಲಿಯಾ, ನಾನು ಬ್ಯಾರಿ. ಈ ಗೇಮಲ್ಲಿ ಗ್ಲಾಸ್ಪ್ ಅಂತ ಒಂದು ಹಾರೋ ಹುಳ ಇದೆ, ಬ್ಯಾರಿ ಕಣ್ಣಿಗೆ ಅದು ಕಾಣಲ್ಲ, ಸಿಕ್ಕಿಹಾಕ್ಕೊಂಡ್ರೆ ಒಂದೇ ಏಟಿಗೆ ಕಥೆ ಮುಗೀತು. ನನ್ನ ಅರ್ಧ ಸ್ಕ್ರೀನಲ್ಲಿ ಖಾಲಿ ದಾರಿ, ಅವಳ ಅರ್ಧದಲ್ಲಿ ಗಾಳೀಲಿ ಏನೋ ಮಬ್ಬಾಗಿ ತೇಲ್ತಿದೆ. "ನಿಲ್ರೀ, ಹೆಜ್ಜೆ ಇಡ್ಬೇಡಿ" ಅಂದ್ಲು. ನಿಂತೆ. "ಎಡಕ್ಕೆ... ಇನ್ನೂ ಎಡಕ್ಕೆ... ಮೇಲಿದೆ, ಇಳೀತಿದೆ..." ಅಂತ ಅವಳ ಸ್ವರ ಸಣ್ಣಗಾಗ್ತಾ ಬಂತು, ಟೀವಿ ಒಳಗಿನ ಹುಳಕ್ಕೆ ಕೇಳಿಸಿಬಿಡುತ್ತೇನೋ ಅನ್ನೋ ಹಾಗೆ ಪಿಸುಗುಡಕ್ಕೆ ಶುರು ಮಾಡಿದ್ಲು, ನಾನು ಖಾಲಿ ಗಾಳಿಗೆ ಗುರಿಯಿಟ್ಟು ಬೆರಳು ಬಿಗಿ ಹಿಡಿದು ಕೂತಿದೀನಿ, ಹೊಡೀರಿ ಅಂತ ಅವಳು ಯಾವಾಗ ಅಂತಾಳೋ ಅಂತ. ಅಂದ್ಲು, ಹೊಡೆದೆ, ಒಂದು ಗುಂಡು ತಪ್ಪಿತು, ಎರಡನೇದು ಬಿತ್ತು. ಟೀಪಾಯ್ ಮೇಲಿಟ್ಟಿದ್ದ ಎರಡೂ ಲೋಟ ಕಾಫಿ ಕೆನೆ ಕಟ್ಟಿಬಿಟ್ಟಿತ್ತು. ಹದಿನಾರು ವರ್ಷ ಸಂಸಾರ ಮಾಡಿದೀವಿ, ಅವಳ ಮಾತನ್ನ ಅಷ್ಟು ಉಸಿರು ಬಿಗಿಹಿಡಿದು ಕೇಳಿಸ್ಕೊಂಡಿದ್ದು ನನಗೆ ಬೇರೆ ನೆನಪಿಲ್ಲ. ಇದೇ ಜಾಗ ನಾನೊಬ್ಬನೇ ಆಡಿದಾಗ ಒಂದು ಬಟನ್ ಒತ್ತಿ ನಟಾಲಿಯಾ ಆಗೋದು, ಎಲ್ಲಿದೆ ನೋಡ್ಕೊಳ್ಳೋದು, ಮತ್ತೆ ಒತ್ತಿ ಬ್ಯಾರಿ ಆಗೋದು, ಅಷ್ಟೇ. ಎರಡೂ ಕಣ್ಣು ನನ್ನದೇ ಆದಾಗ ನಂಬಬೇಕಾದವರು ಯಾರೂ ಇರಲ್ಲ. ಪಕ್ಕದಲ್ಲಿ ಕೂತಿರೋ ಮನುಷ್ಯ ಎಡ ಅಂದಿದ್ದು ನಿಜವಾಗ್ಲೂ ಎಡವಾ, ಗಾಬರೀಲಿ ಬಲಕ್ಕೆ ಎಡ ಅಂದ್ಲಾ ಅನ್ನೋ ಆ ಒಂದು ಕ್ಷಣ ಇದೆಯಲ್ಲ, ನೀವು ಕೇಳಿದ ಭಯ ಅಲ್ಲಿದೆ.

ಕಥೆ ನಿಂತಿರೋದೂ ಭಯದ ಮೇಲೇ ಅನ್ನೋದು ಗಮನಿಸಿರ್ತೀರಿ. ಕ್ಲೇರ್, ಮೊಯಿರಾ ಕೈಗೆ ಹಾಕಿರೋ ಬಳೆಯಂಥ ಆ ಪಟ್ಟಿ ಹಸಿರಿದ್ರೆ ಸಮಾಧಾನ, ಕೇಸರಿ ಮಿನುಗಿದ್ರೆ ಹೆದರಿಕೆ, ಭಯ ಮಿತಿ ಮೀರಿದ್ರೆ ಕೆಂಪು, ಒಳಗಿರೋ ಟಿ-ಫೋಬೋಸ್ ವೈರಸ್ ಎದ್ದು ಮನುಷ್ಯ ಮೃಗ ಆಗ್ತಾನೆ. ಇಂಥ ಜಾಗದಲ್ಲಿ ಗನ್ ಮುಟ್ಟಲ್ಲ ಅಂತ ಹಟ ಹಿಡಿಯೋ ಹುಡುಗಿ ಮೊಯಿರಾ. ಚಿಕ್ಕವಳಿದ್ದಾಗ ಅಪ್ಪ ಬ್ಯಾರಿಯ ಗನ್ನಿಂದ ತಂಗಿಗೆ ಗುಂಡು ತಗುಲಿಸಿಬಿಟ್ಟಿದ್ಲು, ತಂಗಿ ಬದುಕಿದ್ಲು ಆದ್ರೆ ಅಪ್ಪ ಮಗಳ ನಡುವೆ ಅದು ಮುಳ್ಳಾಗಿ ಉಳೀತು. ಅಂದ್ರೆ ನಿಮ್ಮ ಕೈಯಲ್ಲಿ ಬರೀ ಟಾರ್ಚ್ ಇರೋದಕ್ಕೆ ಕಥೇಲೇ ಕಾರಣ ಇದೆ, ಎರಡನೇ ಕಂಟ್ರೋಲರಿಗೆ ಏನೋ ಒಂದು ಕೊಟ್ಟರಾಯ್ತು ಅಂತ ಕೊಟ್ಟಿದ್ದಲ್ಲ.

ಇನ್ನು ಒಂದೇ ರಾತ್ರಿ ಎರಡು ಎಪಿಸೋಡ್ ಮುಗಿಸಿದ ವಿಚಾರ. ಇದರ ಬಗ್ಗೆ ನನಗೆ ನಿಜಕ್ಕೂ ಹೊಟ್ಟೆ ಉರೀತು, ಯಾಕಂದ್ರೆ ನಾವು ವಾರಪತ್ರಿಕೆಯೋರು, ಧಾರಾವಾಹಿ ಕೊನೇಲಿ "ಮುಂದಿನ ವಾರಕ್ಕೆ" ಅಂತ ಹಾಕಿದ್ರೆ ಆ ಏಳು ದಿನಾನೂ ಕಥೆಯ ಭಾಗವೇ ಅಂತ ನಂಬಿರೋರು. ಈ ಗೇಮ್ ಬಂದಿದ್ದೂ ಹಾಗೇ, 2015ರ ಫೆಬ್ರವರಿ ಕೊನೇ ವಾರದಿಂದ ವಾರಕ್ಕೊಂದರಂತೆ ನಾಲ್ಕು ಎಪಿಸೋಡ್, ಪ್ರತಿ ಸಲ ಶುರುವಲ್ಲಿ ಹಿಂದೆ ಏನಾಯ್ತು ಅಂತ ತೋರಿಸೋದು, ಕೊನೇಲಿ ಮುಂದೇನು ಅಂತ ಚೂರು ತೋರಿಸೋದು, ಡಿಸ್ಕ್ ಬಂದಿದ್ದು ಕೊನೇ ಎಪಿಸೋಡಿನ ಹೊತ್ತಿಗೇ.

ಮೊದಲನೇ ಎಪಿಸೋಡಿನ ಕೊನೆ ನೆನಪು ಮಾಡ್ಕೊಳ್ಳಿ. ಮೊದಲರ್ಧ ನೀವು ಮೊಯಿರಾ ಆಗಿ ಆ ಟವರ್ ಹತ್ತಿ ಸುತ್ತ ಸಮುದ್ರ ನೋಡಿ ಬೆಚ್ಚಿಬಿದ್ರಿ. ಆಮೇಲಿನ ಅರ್ಧ ಆರು ತಿಂಗಳು ಕಳೆದ ಮೇಲಿಂದು, ಅದೇ ಜಾಗಕ್ಕೆ ಮಗಳನ್ನ ಹುಡುಕ್ಕೊಂಡು ಅಪ್ಪ ಬ್ಯಾರಿ ಬರ್ತಾನೆ, ಈಗ ನೀವು ನಟಾಲಿಯಾ. ಕೊನೇಲಿ ಆ ಮಗು ಹೇಳುತ್ತೆ, ಮೊಯಿರಾ ಸತ್ತುಹೋಗಿದಾಳೆ ಅಂತ. ಯಾರ ಟಾರ್ಚನ್ನ ನೀವು ಗಂಟೆಗಟ್ಲೆ ಹಿಡಿದಿದ್ರೋ ಅವಳ ಸಾವಿನ ಸುದ್ದೀನ, ಈಗ ನೀವು ಆಡಿಸ್ತಿರೋ ಮಗುವಿನ ಬಾಯಿಂದ, ಅವಳ ಅಪ್ಪನಿಗೆ ಹೇಳಿಸಿದ್ರು. ಅವತ್ತು ಆಡಿದೋರು ಇದನ್ನ ಹೊಟ್ಟೇಲಿ ಇಟ್ಕೊಂಡು ಒಂದು ವಾರ ಓಡಾಡಿದ್ರು. ನೀವು ಬಹುಶಃ ಎಕ್ಸ್ ಬಟನ್ ಒತ್ತಿ ಎರಡನೇದಕ್ಕೆ ಹೋಗಿಬಿಟ್ರಿ.

ಆನ್‌ಲೈನಲ್ಲಿ ತಮ್ಮನ ಜೊತೆ ಆಡಬಹುದಾ ಅಂತ ಕೊನೇ ಸಾಲಲ್ಲಿ ಕೇಳಿದೀರಿ. ರೇಡ್ ಮೋಡ್ (ಕಥೆ ಬಿಟ್ಟು ಬರೀ ಶತ್ರುಗಳನ್ನ ಹೊಡೆಯೋ ಬೇರೆ ಆಟ) ಆಡಬಹುದು, ಕಥೆಯ ಭಾಗಕ್ಕೆ ಆನ್‌ಲೈನ್ ಇಲ್ಲ, ಒಂದೇ ಟೀವಿ ಮುಂದೆ ಎರಡು ಕಂಟ್ರೋಲರ್ ಹಿಡಿದು ಕೂರಬೇಕು. ಪಿಸಿಯಲ್ಲಂತೂ ಮೊದಲಿಗೆ ಸ್ಪ್ಲಿಟ್ ಸ್ಕ್ರೀನೇ (ಒಂದೇ ಪರದೆ ಇಬ್ಬರಿಗೂ ಅರ್ಧರ್ಧ) ಇರಲಿಲ್ಲ, ಜನ ಗಲಾಟೆ ಮಾಡಿದ ಮೇಲೆ ಕೊಟ್ಟರು. ಬಹಳ ಜನ ಇದನ್ನ ಕೊರತೆ ಅಂತಾರೆ, ನನಗೆ ಇದೇ ಇಷ್ಟ.

ಹಾಗಾಗಿ ಹೀಗೆ ಮಾಡಿ. ಮೂರನೇ ಎಪಿಸೋಡನ್ನ ತಮ್ಮ ಹಬ್ಬಕ್ಕೆ ಬರೋವರೆಗೂ ಮುಟ್ಟಬೇಡಿ, ಬಂದಾಗ ಒಂದೇ ಎಪಿಸೋಡ್ ಆಡಿ ಎದ್ದುಬಿಡಿ. ಬ್ಯಾರಿ ಭಾಗ ಬಂದಾಗ ಕಂಟ್ರೋಲರ್ ಅದಲುಬದಲು ಮಾಡ್ಕೊಳ್ಳಿ, ನಟಾಲಿಯಾ ಆಗಿ ಬೆರಳು ತೋರಿಸೋದು ಎಷ್ಟು ಕಷ್ಟ ಅಂತ ಅವನಿಗೂ ಗೊತ್ತಾಗ್ಲಿ. ಆದ್ರೆ ಕ್ಲೇರ್ ಭಾಗದಲ್ಲಿ ಮೊಯಿರಾನ ಮಾತ್ರ ಬಿಟ್ಟುಕೊಡಬೇಡಿ. ಈ ಕಥೆಗೆ ಎರಡು ಅಂತ್ಯ ಇದೆ, ಯಾವುದು ಸಿಗುತ್ತೆ ಅನ್ನೋದು ಮೂರನೇ ಎಪಿಸೋಡಲ್ಲಿ ಕ್ಲೇರ್ ಭಾಗ ಮುಗಿಯೋ ಹೊತ್ತಿಗೆ ಮೊಯಿರಾ ಏನು ಮಾಡ್ತಾಳೆ ಅನ್ನೋದರ ಮೇಲಿದೆ. ಅದಕ್ಕಿಂತ ಹೆಚ್ಚು ನಾನು ಹೇಳಲ್ಲ, ತಮ್ಮ ಮೊದಲೇ ಎಲ್ಲೋ ನೋಡಿ ತಿಳ್ಕೊಂಡಿದ್ರೆ ಅವನೂ ಬಾಯಿ ಬಿಡೋದು ಬೇಡ. ನಾಲ್ಕೂ ಮುಗಿದ ಮೇಲೆ ಎರಡು ಎಕ್ಸ್‌ಟ್ರಾ ಎಪಿಸೋಡ್ ಇದೆ, ಒಂದು ಮೊಯಿರಾದು, ಇನ್ನೊಂದು ನಟಾಲಿಯಾದು.

ಮೂರನೇದು ಆಡಿದ ರಾತ್ರೀನೇ ಇನ್ನೊಂದು ಪತ್ರ ಬರೀರಿ. ಕೊನೇ ಗಳಿಗೇಲಿ ನಿಮ್ಮ ಕೈ ಏನು ಮಾಡ್ತು ಅನ್ನೋದನ್ನ ಮಾತ್ರ ಬರೆದರೆ ಸಾಕು.

– ಸಂಪಾದಕ