ಕರೆಂಟ್ ಹೋದ ಬೇಸಿಗೆಯಲ್ಲಿ ಆಮೆಗಳ ಆರೈಕೆ

ಪ್ರಶ್ನೆ: ನಮ್ಮ ಮನೆಯಲ್ಲಿ ರೆಡ್ ಇಯರ್ಡ್ ಸ್ಲೈಡರ್ ಜಾತಿಯ ಎರಡು ಆಮೆಗಳಿವೆ. 100 ಲೀಟರಿನ ಗಾಜಿನ ತೊಟ್ಟಿ, ಕ್ಯಾನಿಸ್ಟರ್ ಫಿಲ್ಟರ್ (ಮುಚ್ಚಿದ ಡಬ್ಬಿಯೊಳಗೆ ನೀರು ಹಾಯಿಸಿ ಸೋಸುವ ಸಾಧನ), ಅವು ಮೈ ಕಾಯಿಸಿಕೊಳ್ಳಲು ಒಂದು ದೀಪ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗಾಳಿಮಳೆಗೆ ತಂತಿ ಹರಿದರೆ ಮರುದಿನ ಮಧ್ಯಾಹ್ನದವರೆಗೂ ಕರೆಂಟ್ ಬರುವುದಿಲ್ಲ. ಫಿಲ್ಟರ್ ನಿಂತರೆ ಆಮೆಗಳಿಗೆ ಉಸಿರು ಕಟ್ಟುತ್ತದೆಯೇ? ತೊಟ್ಟಿಗೆ ಐಸ್ ಹಾಕಬಹುದೇ? ಮಳೆಗಾಲ ಹಿಡಿಯುವವರೆಗೆ ಕೆರೆಗೆ ಬಿಡುವುದೇ ಲೇಸೆಂದು ಮನೆಯ ಹಿರಿಯರು ಹೇಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ರಾಯಚೂರು

ಉತ್ತರ: ಉಸಿರಿನ ಭಯ ಬೇಡ. ಆಮೆಗಳು ಶ್ವಾಸಕೋಶದಿಂದ ಉಸಿರಾಡುತ್ತವೆ. ಮೂಗನ್ನು ನೀರಿನ ಮೇಲೆ ತಂದು ಗಾಳಿ ಎಳೆದುಕೊಳ್ಳುವುದರಿಂದ ಫಿಲ್ಟರ್ ನಿಂತಾಗ ಮೀನುಗಳಿಗೆ ಒದಗುವ ಆಪತ್ತು ಅವಕ್ಕೆ ಒದಗುವುದಿಲ್ಲ. ನೀವು ಹೆದರಬೇಕಾದದ್ದು ನೀರಿನ ಬಿಸಿಗೆ, ಅದರ ಹಿಂದೆಯೇ ಬರುವ ಹೊಲಸಿಗೆ. ಆಮೆಯ ಮೈಯ ಬಿಸಿ ಸುತ್ತಲಿನ ನೀರು, ಗಾಳಿಗಳ ಬಿಸಿಯನ್ನು ಅನುಸರಿಸುತ್ತದೆ. ಆಳವಾದ ಕೊಳದಲ್ಲಾದರೆ ಅದು ತಳಕ್ಕಿಳಿದು ತಂಪು ಹುಡುಕಿಕೊಳ್ಳುತ್ತದೆ, ಗಾಜಿನ ತೊಟ್ಟಿಯಲ್ಲಾದರೋ ಮೇಲೂ ಕೆಳಗೂ ಒಂದೇ ಬಿಸಿ. ಈ ಜಾತಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ನೀರು ಹಿತ. ಹೊರಗೆ 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಅಷ್ಟನ್ನೇ ಕಾಯ್ದುಕೊಳ್ಳುವುದು ಕಷ್ಟ. ಆದರೆ 32 ಆಗುತ್ತಿದ್ದಂತೆ ತಂಪು ಮಾಡಲು ತೊಡಗಬೇಕು, 35 ಆದರೆ ತುರ್ತು ಸ್ಥಿತಿಯೆಂದೇ ತಿಳಿಯಬೇಕು. ಕೈಯಿಂದ ಮುಟ್ಟಿ ಅಂದಾಜು ಮಾಡುವ ಬದಲು ತೊಟ್ಟಿಗೊಂದು ಥರ್ಮಾಮೀಟರ್ ಹಾಕಿಡಿ.

100 ಲೀಟರ್ ನೀರು ಬೆಳೆದ ಎರಡು ಸ್ಲೈಡರ್‌ಗಳಿಗೆ ತೀರ ಕಡಿಮೆ ಎಂಬುದನ್ನೂ ಹೇಳಲೇಬೇಕು. ನೀರು ಕಡಿಮೆಯಿದ್ದಷ್ಟೂ ಬೇಗ ಕಾಯುತ್ತದೆ, ಬೇಗ ಕೊಳೆಯಾಗುತ್ತದೆ. ದೊಡ್ಡ ತೊಟ್ಟಿ ಕೊಳ್ಳುವವರೆಗೆ, ಬೇಸಿಗೆಯ ಮಟ್ಟಿಗಾದರೂ ಇರುವ ತೊಟ್ಟಿಯನ್ನು ನೆಲಮಹಡಿಯಲ್ಲಿ, ಕಿಟಕಿಯ ಬಿಸಿಲು ತಾಗದ ಗೋಡೆಯ ಪಕ್ಕದಲ್ಲಿ ಇರಿಸಿ. ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ಹೊತ್ತು ಮುಳುಗಿದ ಮೇಲೂ ತಾಸುಗಟ್ಟಲೆ ಬಿಸಿ ಕಾರುತ್ತಿರುತ್ತದೆ, ಆದ್ದರಿಂದ ಮಹಡಿಯ ಕೋಣೆ ಬೇಡ. ಆಮೆಗಳು ಹತ್ತಿ ಕೂರುವ ಜಾಗ ಮುಳುಗದಂತೆ ನೋಡಿಕೊಂಡು ಸಾಧ್ಯವಾದಷ್ಟೂ ನೀರು ತುಂಬಿಸಿ.

ಐಸ್ ತುಂಡುಗಳನ್ನು ನೇರವಾಗಿ ಸುರಿಯಬೇಡಿ. ತಾಪ ಒಮ್ಮೆಲೇ ಇಳಿಯುವುದೂ ಆಮೆಗೆ ಆಘಾತವೇ. ಗಂಟೆಗೆ 1ರಿಂದ 2 ಡಿಗ್ರಿ ಇಳಿದರೆ ಸಾಕು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿ, ಹೆಪ್ಪುಗಟ್ಟಿದಾಗ ಹಿಗ್ಗುವುದಕ್ಕೆ ಮೇಲೆ ಸ್ವಲ್ಪ ಜಾಗ ಬಿಟ್ಟು, ಕರೆಂಟ್ ಇರುವಾಗಲೇ ಫ್ರೀಜರಿನಲ್ಲಿಟ್ಟುಕೊಂಡಿರಿ. ಅಂಥ ಒಂದು ಬಾಟಲಿ ಪೂರ್ತಿ ಕರಗಿ ತೊಟ್ಟಿಯ ಬಿಸಿಗೆ ಬರುವಷ್ಟರಲ್ಲಿ ನಿಮ್ಮ 100 ಲೀಟರ್ ನೀರನ್ನು ಸುಮಾರು 1 ಡಿಗ್ರಿ ಮಾತ್ರ ತಂಪಾಗಿಸುತ್ತದೆ. ಈ ಲೆಕ್ಕ ಗೊತ್ತಿದ್ದರೆ ಒಂದು ಬಾಟಲಿ ತೇಲಿಬಿಟ್ಟು ನಿಶ್ಚಿಂತರಾಗುವುದೂ ತಪ್ಪುತ್ತದೆ, ಗಾಬರಿಯಿಂದ ಹತ್ತು ಬಾಟಲಿ ಮುಳುಗಿಸುವುದೂ ತಪ್ಪುತ್ತದೆ. ಆಮೆಗಳು ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದಾದ್ದರಿಂದ, ತೊಟ್ಟಿಗೆ ಇಳಿದ ಬಾಟಲಿಯನ್ನು ಸೋಪು ಹಾಕಿ ತೊಳೆಯದೆ ಮತ್ತೆ ಫ್ರೀಜರಿಗೆ ಇಡಬಾರದು.

ಐಸಿಗಿಂತ ನಿಮಗೆ ಹೆಚ್ಚು ನೆರವಾಗುವುದು ಅಂಗಳದ ಸಂಪಿನ ನೀರು. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ. ನಲ್ಲಿ ತಿರುಗಿಸಿ ಅದನ್ನೇ ತೊಟ್ಟಿಗೆ ಬಿಟ್ಟವರು ಒಳ್ಳೆಯದು ಮಾಡಲು ಹೋಗಿ ಆಮೆಯನ್ನು ಬೇಯಿಸಿದಂತಾಗುತ್ತದೆ. ನೆಲದೊಳಗಿನ ಸಂಪು ಹಾಗೆ ಕಾಯುವುದಿಲ್ಲ. ಕರೆಂಟ್ ಇಲ್ಲದಾಗ ಮೋಟಾರ್ ನಡೆಯುವುದಿಲ್ಲವಾದ್ದರಿಂದ ಹಗ್ಗ ಕಟ್ಟಿದ ಬಕೆಟ್ಟೊಂದು ಸಿದ್ಧವಿರಲಿ. ತೊಟ್ಟಿಯ ಕಾಲು ಭಾಗ ನೀರನ್ನು ತೆಗೆದು, ಸಂಪಿನ ನೀರನ್ನು ತಂಬಿಗೆಯಿಂದ ನಿಧಾನವಾಗಿ ಸುರಿದರೆ ಬಿಸಿಯೂ ಇಳಿಯುತ್ತದೆ, ಕೊಳೆಯೂ ಕಡಿಮೆಯಾಗುತ್ತದೆ. ಅದು ನಗರಸಭೆಯ ನಲ್ಲಿಯಿಂದ ಆಗಷ್ಟೇ ತುಂಬಿದ ನೀರಾದರೆ ಕ್ಲೋರಿನ್ ಹೋಗಲೆಂದು ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ತೆರೆದಿಟ್ಟಿರಬೇಕು.

ನಿಮ್ಮ ಕಡೆಯ ಒಣ ಹವೆಯಲ್ಲಿ ಆವಿಯಾಗುವಿಕೆಯೂ ಒಳ್ಳೆಯ ಸಹಾಯಕ. ತೊಟ್ಟಿಯ ಗಾಜಿನ ಮುಚ್ಚಳ ತೆಗೆದು ಜಾಲರಿ ಹಾಕಿ, ಚಾರ್ಜ್ ಆಗುವ ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲ್ಮೈಯನ್ನು ಸವರಿ ಹೋಗುವಂತೆ ಇಡಿ. ತೊಟ್ಟಿಯ ಹೊರಮೈಗೆ ಒದ್ದೆ ಗೋಣಿತಟ್ಟು ಸುತ್ತಿ. ಇನ್ವರ್ಟರ್ ಇದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಅದರ ಲೈನನ್ನು ಫಿಲ್ಟರಿನ ಪ್ಲಗ್ಗಿಗೂ ಎಳೆಸಿಕೊಳ್ಳಿ. ಸಣ್ಣ ಫಿಲ್ಟರ್ ಒಂದು ಸೀಲಿಂಗ್ ಫ್ಯಾನಿನಷ್ಟು ವಿದ್ಯುತ್ತನ್ನೂ ಎಳೆಯುವುದಿಲ್ಲ.

ಇನ್ವರ್ಟರ್ ಇಲ್ಲದಿದ್ದರೆ ಫಿಲ್ಟರಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಆಮೆಯ ಮಲಮೂತ್ರದಿಂದ ಹುಟ್ಟುವ ಅಮೋನಿಯಾವನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ವಾಸಿಸುತ್ತವೆ, ಅವಕ್ಕೆ ಆಮ್ಲಜನಕ ಬೇಕು. ಮುಚ್ಚಿದ ಕ್ಯಾನಿಸ್ಟರಿನಲ್ಲಿ ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ತೀರಿ, ಅವು ಸಾಯತೊಡಗಿ, ಒಳಗಿನ ನೀರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಕರೆಂಟ್ ಬಂದ ಕ್ಷಣ ಆ ನೀರಷ್ಟೂ ನೇರ ತೊಟ್ಟಿಗೆ ಬೀಳುತ್ತದೆ. ಆದ್ದರಿಂದ ಕರೆಂಟ್ ಹೋದೊಡನೆ ಪ್ಲಗ್ ತೆಗೆಯಿರಿ. ಒಂದೆರಡು ಗಂಟೆಯಲ್ಲಿ ಬಾರದಿದ್ದರೆ ಸ್ಪಂಜನ್ನು ಹೊರತೆಗೆದು ಅಗಲವಾದ ಟಬ್ಬಿನಲ್ಲಿ, ತೊಟ್ಟಿಯ ನೀರಿನಲ್ಲೇ ಒದ್ದೆಯಾಗಿ, ಗಾಳಿಯಾಡುವಂತೆ ಇಡಿ. ಕರೆಂಟ್ ಬಂದ ಮೇಲೆ ಕ್ಯಾನಿಸ್ಟರಿನ ಹಳೆಯ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಜಾಲಾಡಿಸಿ ಮರುಜೋಡಿಸಿ. ಬಿಸಿ ಏರಿದಂತೆ ಅಮೋನಿಯಾದ ವಿಷಕಾರಿ ಅಂಶವೂ ಏರುತ್ತದೆ: ಸ್ವಲ್ಪ ಕ್ಷಾರಗುಣದ ನೀರಿನಲ್ಲಿ ಅದು 25 ಡಿಗ್ರಿಯಲ್ಲಿ ಇದ್ದುದಕ್ಕಿಂತ 35 ಡಿಗ್ರಿಯಲ್ಲಿ ಸುಮಾರು ಇಮ್ಮಡಿಯಾಗಿರುತ್ತದೆ. ಅಂಥ ದಿನ ಆಹಾರವನ್ನೇ ಹಾಕಬೇಡಿ. ಆರೋಗ್ಯವಾಗಿರುವ ಬೆಳೆದ ಆಮೆ ಕೆಲವು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ಹಸಿದಿದೆಯೆಂದು ಮರುಗಿ ಹಾಕಿದ ಆಹಾರದ ಗುಳಿಗೆಗಳೇ ನೀರನ್ನು ಕೆಡಿಸುತ್ತವೆ. ದೀಪದ ಸ್ವಿಚ್ಚನ್ನೂ ಆರಿಸಿಡಿ, ಇಲ್ಲವಾದರೆ ನಡುರಾತ್ರಿ ಕರೆಂಟ್ ಬಂದಾಗ ಅದೂ ಹೊತ್ತಿಕೊಂಡು ಕಾಯಿಸುತ್ತಿರುತ್ತದೆ.

ಆಮೆ ನೀರಿಗಿಳಿಯದೆ ಗಾಜು ಕೆರೆಯುತ್ತಾ ಚಡಪಡಿಸಿದರೆ, ಬಾಯಿ ತೆರೆದೇ ಉಸಿರಾಡಿದರೆ, ಬಾಯಲ್ಲಿ ನೊರೆ ಕಂಡರೆ ಅಥವಾ ಕೈಕಾಲು ಜೋಲುಬಿಟ್ಟರೆ ಬಿಸಿ ಮಿತಿಮೀರಿದೆಯೆಂದು ಅರ್ಥ. ಬಚ್ಚಲುಮನೆಯ ನೆಲದಲ್ಲಿ, ಫಿನಾಯಿಲ್ ಸೋಂಕದ ಟಬ್ಬಿನಲ್ಲಿ, ಗದ್ದದ ಮಟ್ಟಕ್ಕಷ್ಟೇ ತಣ್ಣೀರು ಹಾಕಿ ಇರಿಸಿ. ಐಸ್‌ನೀರು ಬೇಡ. ನಿತ್ರಾಣಗೊಂಡ ಆಮೆ ಆಳದ ನೀರಿನಲ್ಲಿ ಮುಳುಗಿ ಸಾಯಬಹುದು. ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರಿಗೆ ತೋರಿಸಿ.

ಕೆರೆಗೆ ಬಿಡುವ ಮಾತನ್ನು ಮಾತ್ರ ಖಂಡಿತ ಒಪ್ಪಲಾರೆ. ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಈ ಆಮೆ ಪ್ರಪಂಚದ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದು ನಮ್ಮ ಕೆರೆಗಳ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿಗಿಳಿಯುತ್ತದೆ, ರೋಗವನ್ನೂ ಹರಡಬಹುದು. ಮಳೆಗಾಲ ಬಂದಾಗ ನೀವು ಅದನ್ನು ಹಿಡಿದು ತರಲೂ ಆಗುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಫ್ಯಾನ್ ಇಟ್ಟರೂ, ಒದ್ದೆ ಬಟ್ಟೆ ಸುತ್ತಿದರೂ ಆಮೆಯ ತೊಟ್ಟಿ ತಂಪಾಗುವುದಿಲ್ಲ. ಕಾರಣವೇನು?
— ಓದುಗರೊಬ್ಬರು, ಮಂಗಳೂರು

ಉತ್ತರ: ಕರಾವಳಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿರುವುದರಿಂದ ನೀರು ಬೇಗ ಆವಿಯಾಗುವುದಿಲ್ಲ, ಆವಿಯಾಗದೆ ತಂಪೂ ಹುಟ್ಟುವುದಿಲ್ಲ. ನಿಮ್ಮಲ್ಲಿ ಬಾವಿಯಿದ್ದರೆ ಸೇದಿದ ನೀರನ್ನು ಬೆಳಿಗ್ಗೆ, ಮಧ್ಯಾಹ್ನ ಸ್ವಲ್ಪ ಸ್ವಲ್ಪವೇ ಬದಲಿಸುತ್ತಿರಿ. ಬಾವಿಯಿಲ್ಲದವರಿಗೆ ಮೇಲೆ ಹೇಳಿದ ಐಸಿನ ಬಾಟಲಿಗಳೇ ಗತಿ.