ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬೋರ್ಡ್ ಆಫ್ ಸ್ಟಡೀಸ್ ಇರುವಾಗ ವಿಭಾಗಕ್ಕೆ ಪ್ರತ್ಯೇಕ ಸಲಹಾ ಮಂಡಳಿ ಯಾಕೆ ಬೇಕು?

ಎರಡರ ಕೆಲಸ ಬೇರೆ. ಬೋರ್ಡ್ ಆಫ್ ಸ್ಟಡೀಸ್ ಯುಜಿಸಿ ನಿಯಮದ ಪ್ರಕಾರ ರಚನೆಯಾಗುವ ಶಾಸನಬದ್ಧ ಸಮಿತಿ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಅಧ್ಯಕ್ಷರು; ಹೊರಗಿನ ವಿಷಯತಜ್ಞರು, ಕುಲಪತಿ ನಾಮನಿರ್ದೇಶಿತರು, ಉದ್ಯಮದವರೊಬ್ಬರು, ಹಳೆಯ ವಿದ್ಯಾರ್ಥಿಯೊಬ್ಬರು ಇರುತ್ತಾರೆ. ಪಠ್ಯಕ್ರಮ ಇಲ್ಲಿ ಸಿದ್ಧವಾಗಿ ಒಪ್ಪಿಗೆಗಾಗಿ ಕಾಲೇಜಿನ ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗುತ್ತದೆ.

ಸಲಹಾ ಮಂಡಳಿಗೆ ಅಂಥ ಅಧಿಕಾರವಿಲ್ಲ. ವಿಭಾಗದ ಧ್ಯೇಯ, ಪಿಇಒ (ಪದವಿ ಮುಗಿದ ನಾಲ್ಕೈದು ವರ್ಷಕ್ಕೆ ವಿದ್ಯಾರ್ಥಿ ಏನಾಗಿರಬೇಕು ಎಂಬ ಗುರಿ), ಲ್ಯಾಬ್ ಸುಧಾರಣೆ ಇತ್ಯಾದಿಗೆ ಹೊರಗಿನವರ ಅಭಿಪ್ರಾಯ ಕೊಡುವುದಷ್ಟೇ. ಎನ್‌ಬಿಎ (ತಾಂತ್ರಿಕ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಲ್ಲಿ, ಹೊರಗಿನವರನ್ನು ಕೇಳಿದ್ದೇವೆ ಎನ್ನುವುದಕ್ಕೆ ಇದು ಪುರಾವೆಯಾಗುತ್ತದೆ.

ಸಾಮಾನ್ಯವಾಗಿ ಕೆಡುವುದು ಸಭೆಯಲ್ಲೇ: ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಪಿಪಿಟಿ, ಉಳಿದದ್ದು ಊಟ, ಫೋಟೊ. ಕಾಗದಪತ್ರ ಹತ್ತು ದಿನ ಮೊದಲೇ ಕಳಿಸಿ, ಎರಡೇ ಪ್ರಶ್ನೆ ಇಡಿ. ‘ನಮ್ಮ ಪಠ್ಯಕ್ರಮ ಹೇಗಿದೆ?’ ಅಂದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು. ‘8085 (ಹಳೆಯ ಮೈಕ್ರೊಪ್ರೊಸೆಸರ್) ಕಿಟ್‌ನ 12 ಪ್ರಯೋಗಗಳಲ್ಲಿ ಯಾವುದನ್ನು ಬಿಟ್ಟು ಎಆರ್‌ಎಂ (ಈಗ ಬಳಕೆಯಲ್ಲಿರುವ ಪ್ರೊಸೆಸರ್) ಬೋರ್ಡ್‌ಗೆ ಹೋಗಬೇಕು?’ ಎಂದು ಕೇಳಿ. ನಡಾವಳಿಯಲ್ಲಿ ಪ್ರತಿ ಸಲಹೆಯ ಎದುರು ಹೊಣೆ ಯಾರದು, ಗಡುವು ಯಾವಾಗ ಎಂದು ಬರೆಯಿರಿ, ಒಪ್ಪದಿದ್ದರೆ ಕಾರಣವನ್ನೂ. ಮುಂದಿನ ಸಭೆ ಆ ಪಟ್ಟಿಯಿಂದಲೇ ಶುರುವಾಗಲಿ.